ಪರದೆಯ ಪದ್ಯಕ್ಕೆ ಅರ್ಥ ಹೇಳುವವರು

2022ರ ಅಕ್ಟೋಬರಿನ ಒಂದು ಸಂಜೆ ಉಡುಪಿಯ ಚಿತ್ರಮಂದಿರವೊಂದರಲ್ಲಿ ‘ಕಾಂತಾರ’ ನೋಡುತ್ತಿದ್ದೆ. ಎಡಗಡೆಯ ಸೀಟಿನಲ್ಲಿ ಪುಣೆಯಿಂದ ಮಣಿಪಾಲಕ್ಕೆ ಓದಲು ಬಂದಿದ್ದ, ಕನ್ನಡ ಅಷ್ಟಿಷ್ಟು ಬರುವ ಗೆಳೆಯ. ಬಲಗಡೆ ಮೊಮ್ಮಗನೊಂದಿಗೆ ಬಂದಿದ್ದ, ಎಪ್ಪತ್ತು ದಾಟಿದ ಅಜ್ಜಿ. ಪರದೆಯ ಮೇಲೆ ದೈವದ ಕೂಗು ಎದ್ದಾಗ ಗೆಳೆಯ ಕುರ್ಚಿಯ ಕೈ ಹಿಡಿದುಕೊಂಡು ಬೆಚ್ಚಿದ, ಮರುಕ್ಷಣ ತನ್ನ ಪುಕ್ಕಲುತನಕ್ಕೆ ತಾನೇ ನಕ್ಕ. ಅಜ್ಜಿ ಸದ್ದಿಲ್ಲದೆ ಕಾಲಿನ ಚಪ್ಪಲಿ ಕಳಚಿ, ಸೀಟಿನಡಿಗೆ ದೂಡಿ, ಕೈ ಮುಗಿದರು. ನನಗೆ ನೆನಪಾದದ್ದು ಹಿಂದಿನ ವರ್ಷ ಊರಿನ ನೇಮಕ್ಕೆ, ಅಂದರೆ ದೈವದ ಆರಾಧನೆಗೆ, ಹೋಗದಿರಲು ನಾನು ಹೇಳಿದ್ದ ನೆಪ.

ಹೊರಗೆ ಬಂದು ಗೋಳಿಬಜೆ ತಿನ್ನುವಾಗ ಗೆಳೆಯ ಅದನ್ನು ಒಳ್ಳೆಯ ಹಾರರ್ ಸಿನಿಮಾ ಎಂದ. ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಸಿಟ್ಟಿಗೆ ಸರಿಯಾದ ಕಾರಣ ಸಿಗಲಿಲ್ಲ. ದೈವ ಮೈದುಂಬಿ ಕುಣಿಯುವ ಕೋಲವನ್ನು ಒಮ್ಮೆಯೂ ನೋಡದವನಿಗೆ ಕತ್ತಲು, ಕಾಡು, ಕೂಗು ಮೂರೂ ಸೇರಿದರೆ ಅದು ದೆವ್ವವೇ. ವರ್ಷವರ್ಷವೂ ಆ ಕೂಗಿನ ಮುಂದೆ ನಿಂತು ಮನೆಯ ಕಷ್ಟ ಹೇಳಿಕೊಂಡು ಬಂದ ಅಜ್ಜಿಗೆ ಅದು ಅಭಯ. ಒಂದೇ ಸ್ಪೀಕರಿನಿಂದ ಹೊರಟ ಒಂದೇ ಸದ್ದು, ಒಂದೇ ಸಾಲಿನ ಮೂರು ಸೀಟುಗಳಲ್ಲಿ ಮೂರು ಬಗೆಯಾಯಿತು.

ಕರಾವಳಿಯವರಿಗೆ ಇದು ಹೊಸದೇನಲ್ಲ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಮಳೆ ಹಿಡಿದ ಮೇಲೆ ನಮ್ಮಲ್ಲಿ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಎದುರು ಬದುರು ಕುಳಿತ ಕಲಾವಿದರು ಅದಕ್ಕೆ ಮಾತು ಕಟ್ಟುತ್ತಾರೆ. ಆ ಕಲಾವಿದರನ್ನು ನಾವು ನಟ ಎನ್ನುವುದಿಲ್ಲ, ‘ಅರ್ಥಧಾರಿ’ ಎನ್ನುತ್ತೇವೆ. ವಾಲಿವಧೆಯ ಪದ್ಯ ಎಲ್ಲ ಊರಿನಲ್ಲೂ ಅದೇ. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಒಂದು ರಾತ್ರಿ ಕುಟುಕಿ ಕುಟುಕಿ ಸೋಲಿಸುತ್ತಾನೆ, ಇನ್ನೊಂದು ರಾತ್ರಿ ಅವನೇ ಕರಗಿ ಶರಣಾಗುತ್ತಾನೆ. ಪದ್ಯ ಕವಿಯದು, ಅರ್ಥ ಆ ರಾತ್ರಿಯದು. ಸಿನಿಮಾ ನೋಡುವವನ ತಲೆಯೊಳಗೂ ಇಂಥ ಒಬ್ಬ ಅರ್ಥಧಾರಿ ಕುಳಿತಿದ್ದಾನೆ. ವಿಜ್ಞಾನಿಗಳು ಅವನನ್ನು ಈಗ ಮೆದುಳಿನಲ್ಲೇ ಹುಡುಕುತ್ತಿದ್ದಾರೆ.

ಈ ಹುಡುಕಾಟದ ಕಥೆಯನ್ನು ಸಾಮಾನ್ಯವಾಗಿ ರಷ್ಯದ ನಿರ್ದೇಶಕ ಲೆವ್ ಕುಲೆಶೋವ್‌ನಿಂದ ಆರಂಭಿಸುತ್ತಾರೆ. ಸುಮಾರು ನೂರು ವರ್ಷಗಳ ಹಿಂದೆ ಆತ ಒಬ್ಬ ನಟನ ಭಾವವಿಲ್ಲದ ಮುಖದ ತುಣುಕನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ, ಹೆಣ್ಣು, ಹೀಗೆ ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿದ. ನೋಡಿದವರು ಅದೇ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡರು. ಕೇಳಲು ಚೆನ್ನಾಗಿದೆ, ಆದರೆ ಮೂಲ ಚಿತ್ರಸುರುಳಿ ಈಗ ಉಳಿದಿಲ್ಲ. 1992ರಲ್ಲಿ ಇಬ್ಬರು ಸಂಶೋಧಕರು ಪ್ರಯೋಗವನ್ನು ಮರಳಿ ಮಾಡಿದಾಗ ಅಂಥ ಪರಿಣಾಮ ಸಿಗಲಿಲ್ಲ. 2016ರಲ್ಲಿ ಇನ್ನೊಂದು ತಂಡಕ್ಕೆ ಸಿಕ್ಕಿತು. ಪಾಠ ಮಾಡುವವರು ಈ ಎರಡನೆಯ ಭಾಗವನ್ನು ಹೇಳುವುದು ಕಡಿಮೆ.

ಹೆಚ್ಚು ಗಟ್ಟಿಯಾದದ್ದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನರವಿಜ್ಞಾನಿ ಉರಿ ಹ್ಯಾಸನ್ ಅವರ ಕೆಲಸ. ಎಫ್‌ಎಂಆರ್‌ಐ ಯಂತ್ರ ಮೆದುಳಿನ ಯಾವ ಭಾಗಕ್ಕೆ ಯಾವಾಗ ಆಮ್ಲಜನಕಭರಿತ ರಕ್ತ ಹೆಚ್ಚು ಹರಿಯಿತೆಂದು ಅಳೆಯುತ್ತದೆ. ಕೆಲಸ ಮಾಡುವ ಭಾಗಕ್ಕೆ ರಕ್ತ ಹೆಚ್ಚು. ಆ ಯಂತ್ರದೊಳಗೆ ಜನರನ್ನು ಮಲಗಿಸಿ ಸಿನಿಮಾ ತೋರಿಸಿ, ಒಬ್ಬರ ಮೆದುಳಿನ ಏರಿಳಿತ ಇನ್ನೊಬ್ಬರದಕ್ಕೆ ಎಷ್ಟು ತಾಳೆಯಾಗುತ್ತದೆಂದು ಹ್ಯಾಸನ್ ತಂಡ ನೋಡಿತು. 2008ರಲ್ಲಿ ಪ್ರಕಟವಾದ ಲೆಕ್ಕ ಹೀಗಿತ್ತು: ಹಿಚ್‌ಕಾಕ್‌ನ ಒಂದು ಟಿವಿ ಕಂತು ನೋಡುವಾಗ ಮೆದುಳಿನ ಹೊರಪದರದ ಸುಮಾರು ಶೇ. 65ರಷ್ಟು ಭಾಗ ನೋಡುಗರಲ್ಲಿ ಒಂದೇ ತಾಳಕ್ಕೆ ಏರಿಳಿಯಿತು. ಸರ್ಜಿಯೊ ಲಿಯೋನೆಯ ಕೌಬಾಯ್ ಚಿತ್ರಕ್ಕೆ ಶೇ. 45. ಉದ್ಯಾನವೊಂದರಲ್ಲಿ ಕ್ಯಾಮೆರಾ ಇಟ್ಟು ಹೋಗಿಬರುವವರನ್ನು ಸುಮ್ಮನೆ ಸೆರೆಹಿಡಿದ ತುಣುಕಿಗೆ ಶೇ. 5ಕ್ಕಿಂತ ಕಡಿಮೆ. ಹಿಚ್‌ಕಾಕ್ ನಮ್ಮ ಕಣ್ಣನ್ನು ಎಲ್ಲಿ ಇಡಬೇಕೆಂದು ಮೊದಲೇ ನಿಶ್ಚಯಿಸಿರುತ್ತಾನೆ. ಹಾಗಿದ್ದರೂ ಮೂರನೆಯ ಒಂದು ಭಾಗ ಅವನ ಕೈಗೂ ಸಿಗಲಿಲ್ಲ. ಅಲ್ಲಿ ಏನು ನಡೆಯುತ್ತದೆ?

ಇದಕ್ಕೆ ಒಂದಿಷ್ಟು ಉತ್ತರ ಅದೇ ಬಳಗದ 2017ರ ಅಧ್ಯಯನದಲ್ಲಿದೆ. ಅಲ್ಲಿ ಸಿನಿಮಾ ಅಲ್ಲ, ಓದಿ ಕೇಳಿಸಿದ ಕಥೆ. ಒಬ್ಬ ಗಂಡ ನಡುರಾತ್ರಿ ಸ್ನೇಹಿತನಿಗೆ ಫೋನ್ ಮಾಡಿ, ಪಾರ್ಟಿಗೆ ಹೋದ ಹೆಂಡತಿ ಮನೆಗೆ ಬಂದಿಲ್ಲ ಎಂದು ಗೋಳಾಡುತ್ತಾನೆ. ಕಥೆಗೆ ಮೊದಲು ಒಂದು ಗುಂಪಿಗೆ ಹೆಂಡತಿ ದಾರಿ ತಪ್ಪಿದ್ದಾಳೆ ಎಂದೂ, ಇನ್ನೊಂದಕ್ಕೆ ಗಂಡನದು ಬರೀ ಸಂಶಯ ಎಂದೂ ಪುಟ್ಟ ಟಿಪ್ಪಣಿ ಕೊಟ್ಟಿದ್ದರು. ಕಥೆಯ ಒಂದಕ್ಷರವೂ ಬೇರೆಯಲ್ಲ. ಆದರೆ ಮೆದುಳಿನ ಮೇಲ್ಮಟ್ಟದ ಕೆಲವು ಭಾಗಗಳಲ್ಲಿ, ಮುಖ್ಯವಾಗಿ ‘ಡಿಫಾಲ್ಟ್ ಮೋಡ್’ ಎಂದು ಕರೆಯುವ ಜಾಲದಲ್ಲಿ, ಎರಡು ಗುಂಪುಗಳು ಬೇರೆ ಬೇರೆ ದಾರಿ ಹಿಡಿದವು. ಒಂದೇ ಗುಂಪಿನವರ ಮೆದುಳು ಪರಸ್ಪರ ಹೆಚ್ಚು ಹೋಲುತ್ತಿತ್ತು. ಕೈಯಲ್ಲಿ ಕೆಲಸವಿಲ್ಲದೆ ಸುಮ್ಮನೆ ಕುಳಿತಾಗ ಚುರುಕಾಗುವ, ಹಳೆಯ ನೆನಪು ಕೆದಕುವ, ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆಯೆಂದು ಊಹಿಸುವ ಜಾಲ ಅದು. ಒಂದು ಟಿಪ್ಪಣಿಯೇ ಇಷ್ಟು ಮಾಡಿದರೆ, ಎಪ್ಪತ್ತು ವರ್ಷ ನೇಮ ನೋಡಿದ ಅಜ್ಜಿಯ ತಲೆಯಲ್ಲಿ ಎಷ್ಟು ಟಿಪ್ಪಣಿಗಳಿರಬೇಕು!

ಸಿನಿಮಾವನ್ನೇ ನೋಡದವರು? ಅಂಥವರನ್ನೂ ಹುಡುಕಿ ಹೋದವರಿದ್ದಾರೆ. ಸ್ಟೆಫಾನ್ ಶ್ವಾನ್ ಮತ್ತು ಸೆರ್ಮಿನ್ ಇಲ್ದಿರಾರ್ ಟರ್ಕಿಯ ದೂರದ ಹಳ್ಳಿಗಳಲ್ಲಿ, ಚಲನಚಿತ್ರದ ಗಂಧವೇ ಇಲ್ಲದ ವಯಸ್ಕರಿಗೆ ಪುಟ್ಟ ತುಣುಕುಗಳನ್ನು ತೋರಿಸಿದರು. 2010ರಲ್ಲಿ ಅವರು ಬರೆದಂತೆ, ತಮಗೆ ಗೊತ್ತಿರುವ ಕೆಲಸವೊಂದು ಹೆಜ್ಜೆಹೆಜ್ಜೆಯಾಗಿ ನಡೆಯುತ್ತಿದ್ದರೆ ಆ ಹಳ್ಳಿಗರು ಶಾಟ್‌ಗಳ ನಡುವಿನ ಬಿರುಕನ್ನು ಸಲೀಸಾಗಿ ದಾಟುತ್ತಿದ್ದರು. ಅಂಥ ಎಳೆ ಇಲ್ಲದಾಗ ಎಡವುತ್ತಿದ್ದರು. ಸಿನಿಮಾದ ವ್ಯಾಕರಣಕ್ಕಿಂತ ಮೊದಲು ಬದುಕಿನ ಪರಿಚಯ ನೆರವಿಗೆ ಬರುತ್ತದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಇನ್ನೊಂದು ಪ್ರಯೋಗ ಮೀನಿನದು. 2001ರಲ್ಲಿ ತಾಕಾಹಿಕೊ ಮಸುದಾ ಮತ್ತು ರಿಚರ್ಡ್ ನಿಸ್ಬೆಟ್ ನೀರಿನೊಳಗೆ ಮೀನು ಈಜುವ ಅನಿಮೇಷನ್ ಅನ್ನು ಜಪಾನ್ ಮತ್ತು ಅಮೆರಿಕದ ವಿದ್ಯಾರ್ಥಿಗಳಿಗೆ ತೋರಿಸಿ, ಏನು ಕಂಡಿರಿ ಎಂದು ಕೇಳಿದರು. ಅಮೆರಿಕದವರು ಮುಂದಿದ್ದ ದೊಡ್ಡ ಮೀನಿನಿಂದ ಮಾತು ತೆಗೆದರು. ಜಪಾನಿನವರು ನೀರು, ಗಿಡ, ಕಲ್ಲುಗಳಿಂದ. ಹಿನ್ನೆಲೆಯ ಬಗ್ಗೆ ಅವರ ಮಾತು ಶೇ. 60ಕ್ಕೂ ಹೆಚ್ಚು ಅಧಿಕವಾಗಿತ್ತು. ಮಲ್ಪೆಯ ಮೀನುಗಾರರಿಗೆ ತೋರಿಸಿದ್ದರೆ ಮೊದಲು ಆ ಮೀನಿನ ರೇಟು ಕೇಳುತ್ತಿದ್ದರೇನೋ.

ಮಲ್ಪೆಯ ಮಾತು ಬಂದದ್ದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಮೂವರು ಹುಡುಗರು ಮೀನು ಮಾರುವ ಹೆಂಗಸರಿಗಾಗಿ ಒಂದು ಪೆಟ್ಟಿಗೆ ಮಾಡಲು ಹೊರಟಿದ್ದರು. ಒಬ್ಬ ಎಂಜಿನಿಯರ್, ಒಬ್ಬ ಬಿ.ಕಾಂ., ಒಬ್ಬ ವಿನ್ಯಾಸ ಕಲಿತವನು. ಸಲಹೆಗೆಂದು ಮೂವತ್ತು ವರ್ಷ ಮೀನು ಮಾರಿದ ಒಬ್ಬ ಅಕ್ಕನನ್ನೂ ಕೂರಿಸಿಕೊಂಡಿದ್ದರು. ನನ್ನದು ವಿಡಿಯೊ ತೆಗೆಯುವ ಕೆಲಸ. ಮೊದಲ ಎರಡು ಸಭೆಗಳಲ್ಲಿ ಅಕ್ಕ ಹೆಚ್ಚೇನೂ ಹೇಳಲಿಲ್ಲ. ಐಸ್ ಬೇಗ ಕರಗುತ್ತದೆ, ಸೊಂಟ ನೋಯುತ್ತದೆ ಎಂಬ, ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನೇ ಎಲ್ಲರೂ ಹೊಸದೆಂಬಂತೆ ಹೇಳಿಕೊಂಡೆವು. ಶಾಖ ಒಳಗೆ ಹೋಗದ, ಬಿಗಿ ಮುಚ್ಚಳದ, ಕಾಲಿರುವ ಪೆಟ್ಟಿಗೆ ತಯಾರಾಯಿತು. ನೋಡಲು ಬಹಳ ಚಂದ. ಅಕ್ಕ ಅದನ್ನು ಮಾರುಕಟ್ಟೆಗೆ ಒಯ್ದರು, ನಾನು ವಿಡಿಯೊ ತೆಗೆದೆ. ಆ ದಿನ ವ್ಯಾಪಾರ ಅರ್ಧಕ್ಕಿಳಿಯಿತು.

ಮೂರನೆಯ ಸಭೆಯಲ್ಲಿ ವಿನ್ಯಾಸದ ಹುಡುಗ ಒಂದು ಜಾಣ ಕೆಲಸ ಮಾಡಿದ. ನಾಲ್ಕು ನಿಮಿಷದ ಆ ವಿಡಿಯೊವನ್ನು ಸದ್ದು ತೆಗೆದು ಹಾಕಿ, ಯಾರೂ ಮಾತಾಡಬಾರದು, ಕಂಡದ್ದನ್ನು ಒಬ್ಬೊಬ್ಬರೇ ಆಮೇಲೆ ಹೇಳಬೇಕು ಎಂದ. ಎಂಜಿನಿಯರ್ ಕಂಡದ್ದು ಬೆನ್ನು: ಮೊದಲಿನಷ್ಟು ಬಾಗುತ್ತಿಲ್ಲ, ಆದ್ದರಿಂದ ಪೆಟ್ಟಿಗೆ ಗೆದ್ದಿದೆ. ಬಿ.ಕಾಂ. ಹುಡುಗ ಎಣಿಸಿದ್ದು ಬಂದು ಕೊಳ್ಳದೆ ಹೋದವರ ತಲೆ. ಅಕ್ಕನ ಸರದಿ ಬಂದಾಗ ಅವರು ತುಳುವಿನಲ್ಲಿ ನಿಧಾನವಾಗಿ ಹೇಳಿದರು: “ಆ ಹಸಿರು ಸೀರೆಯವಳ ಕೈ ನೋಡಿ. ಬಂಗುಡೆಯ ಕಿವಿರು ಎತ್ತಿ ಕೆಂಪಿದೆಯೋ ನೋಡಬೇಕೆಂದು ಬಂದಳು. ಮುಚ್ಚಳ ಕಂಡು ಕೈ ಹಿಂದೆ ತೆಗೆದಳು. ಮುಚ್ಚಿಟ್ಟ ಮೀನು ನಿನ್ನೆಯ ಮೀನು.” ವಿಡಿಯೊವನ್ನು ಹಿಂದೆ ಸರಿಸಿ ನೋಡಿದೆವು. ಕೈ ಮುಂದೆ ಬಂದು, ಗಾಳಿಯಲ್ಲಿ ನಿಂತು, ಹಿಂದೆ ಹೋಗುತ್ತದೆ. ಅದನ್ನು ಸೆರೆಹಿಡಿದ ನಾನೇ ಅದನ್ನು ನೋಡಿರಲಿಲ್ಲ.

ಹಿಂದಿನ ಎರಡು ಸಭೆಗಳಲ್ಲಿ ಅವರು ಇದನ್ನು ಯಾಕೆ ಹೇಳಲಿಲ್ಲ ಎಂದು ಹುಡುಗರು ಬೇಸರಿಸಿಕೊಂಡರು. ಅವರು ಯಾಕೆ ಹೇಳುತ್ತಾರೆ? ಅದು ಗೊತ್ತಿರುವ ಸಂಗತಿಯೆಂದು ಅವರಿಗೇ ಅನಿಸಿರಲಿಲ್ಲ. ಜೊತೆಗೆ ನಾವು ಬಾಯಿ ಮುಚ್ಚಿದ್ದರೆ ತಾನೇ? 1985ರಲ್ಲಿ ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ ಇದನ್ನೇ ಪ್ರಯೋಗದಲ್ಲಿ ತೋರಿಸಿದ್ದರು. ಗುಂಪೊಂದು ಅಭ್ಯರ್ಥಿಗಳಲ್ಲಿ ಒಬ್ಬನನ್ನು ಆರಿಸಬೇಕು. ಎಲ್ಲ ವಿವರ ಎಲ್ಲರ ಕೈಯಲ್ಲಿದ್ದಾಗ ಹೆಚ್ಚಿನ ಗುಂಪುಗಳು ಉತ್ತಮನನ್ನೇ ಆರಿಸಿದವು. ಅದೇ ಉತ್ತಮನ ಗುಣಗಳನ್ನು ಒಬ್ಬರಿಗೊಂದಿಷ್ಟು, ಇನ್ನೊಬ್ಬರಿಗೊಂದಿಷ್ಟು ಹಂಚಿಟ್ಟಾಗ, ಎಲ್ಲ ತುಂಡುಗಳೂ ಕೋಣೆಯೊಳಗೇ ಇದ್ದರೂ, ಹೆಚ್ಚಿನ ಗುಂಪುಗಳು ತಪ್ಪಿದವು. ಎಲ್ಲರಿಗೂ ಗೊತ್ತಿರುವುದು ಪದೇ ಪದೇ ಚರ್ಚೆಯಾಗುತ್ತದೆ, ಒಬ್ಬರಿಗೆ ಮಾತ್ರ ಗೊತ್ತಿರುವುದು ಅವರ ಬಾಯಲ್ಲೇ ಉಳಿಯುತ್ತದೆ. 2010ರಲ್ಲಿ ಅನಿತಾ ವೂಲಿ ಮತ್ತು ಸಂಗಡಿಗರು 699 ಜನರನ್ನು ಸಣ್ಣ ಸಣ್ಣ ಗುಂಪು ಮಾಡಿ ಬಗೆಬಗೆಯ ಕೆಲಸ ಕೊಟ್ಟು ನೋಡಿದರು. ಗುಂಪಿನ ಜಾಣ್ಮೆಗೂ ಸದಸ್ಯರ ಸರಾಸರಿ ಬುದ್ಧಿಮತ್ತೆಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ನಂಟು ಕಂಡದ್ದು ಮಾತಿನ ಸರದಿ ಸಮನಾಗಿ ಹಂಚಿಕೆಯಾಗುವುದಕ್ಕೆ, ಮತ್ತು ಎದುರಿನವರ ಕಣ್ಣು ನೋಡಿ ಮನಸ್ಸು ಓದುವ ಸೂಕ್ಷ್ಮಕ್ಕೆ. ಕಚೇರಿಗಳಲ್ಲಿ ಎಲ್ಲರೂ ಒಟ್ಟಿಗೆ ಕೂಗಾಡಿ ‘ಐಡಿಯಾ’ ಹೊರಡಿಸುವ ಸಭೆಗಳ ಮೇಲೆ ನನಗೆ ನಂಬಿಕೆ ಹೋದದ್ದು ಇದರಿಂದಲೇ. ಯೇಲ್ ವಿಶ್ವವಿದ್ಯಾಲಯದವರು 1958ರಲ್ಲೇ ಪರೀಕ್ಷಿಸಿದ್ದರು: ಅಷ್ಟೇ ಜನ ಬೇರೆ ಬೇರೆ ಕುಳಿತು ಬರೆದರೆ ಹೊಳೆಯುವ ಉಪಾಯಗಳ ಸಂಖ್ಯೆ ಹೆಚ್ಚು.

ಒಟ್ಟಿಗೆ ಕೂರುವುದೇ ವ್ಯರ್ಥ ಎಂದಲ್ಲ. ತಾಳಮದ್ದಳೆಯ ಅರ್ಥಧಾರಿಗಳೂ ಒಟ್ಟಿಗೇ ಕೂರುತ್ತಾರೆ. ಆದರೆ ಅಲ್ಲಿ ಒಬ್ಬ ಮಾತಾಡುವಾಗ ಇನ್ನೊಬ್ಬ ಕಿವಿಗೊಟ್ಟು ಕೇಳಲೇಬೇಕು, ಕೇಳದಿದ್ದರೆ ಮುಂದಿನ ಪ್ರಶ್ನೆಗೆ ಸಿಕ್ಕಿಬೀಳುತ್ತಾನೆ. ಬೇರೆ ಬೇರೆ ಕಣ್ಣುಗಳು ಒಂದು ಮೇಜಿಗೆ ಬಂದದ್ದರ ಫಲವೊಂದು ಉಡುಪಿಯಲ್ಲೇ ಇದೆ. 1925ರಲ್ಲಿ ಇಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದವರಲ್ಲಿ ಡಾ. ಟಿ.ಎಂ.ಎ. ಪೈ ವೈದ್ಯರು, ವಾಮನ ಶ್ರೀನಿವಾಸ ಕುಡ್ವ ಎಂಜಿನಿಯರ್, ಉಪೇಂದ್ರ ಅನಂತ ಪೈ ವ್ಯಾಪಾರಿ. ಬಂಡವಾಳ 8,000 ರೂಪಾಯಿ. ಗುರಿ, ಕೈಮಗ್ಗದ ಕುಸಿತದಲ್ಲಿ ಕಂಗಾಲಾಗಿದ್ದ ನೇಕಾರರು. 1928ರಲ್ಲಿ ಅವರು ತಂದ ಪಿಗ್ಮಿ ಯೋಜನೆಯಲ್ಲಿ ಗ್ರಾಹಕ ಬ್ಯಾಂಕಿಗೆ ಹೋಗಬೇಕಿರಲಿಲ್ಲ, ಬ್ಯಾಂಕೇ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ಒಯ್ಯುತ್ತಿತ್ತು. ಬೇರೆಯವರ ಕಣ್ಣಿಗೆ ಎರಡಾಣೆ ಲೆಕ್ಕಕ್ಕಿಲ್ಲದ ಚಿಲ್ಲರೆ. ದಿನಗೂಲಿಯ ಮನೆಯನ್ನು ಒಳಗಿನಿಂದ ಕಂಡವರಿಗೆ ಮಾತ್ರ ಅದು ಸಂಜೆಯೊಳಗೆ ಖರ್ಚಾಗಿಬಿಡುವ ಉಳಿತಾಯ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಪೇಟೆಗಳಲ್ಲಿ ಇನ್ನೂ ಓಡಾಡಿಕೊಂಡಿದೆ.

ಮೀನಿನ ಪೆಟ್ಟಿಗೆಗೆ ಆಮೇಲೆ ಮುಚ್ಚಳ ಹೋಗಿ ಇಳಿಜಾರಿನ ಹಲಗೆ ಬಂತು: ಐಸ್ ಕೆಳಗೆ, ಮೀನು ಮೇಲೆ, ಕಿವಿರು ಕೈಗೆಟಕುವಂತೆ. ವ್ಯಾಪಾರ ಮೊದಲಿನ ಮಟ್ಟಕ್ಕೆ ಬಂತು. ಇನ್ನು ಮುಗಿಯಿತು ಎಂದುಕೊಂಡು ನಾವೆಲ್ಲ ಪೆಟ್ಟಿಗೆಯ ಸುತ್ತ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ಪಿಗ್ಮಿಯವರು ಬಂದರು. ಅಕ್ಕ ಸೊಂಟದ ಚೀಲದಿಂದ ಐವತ್ತರ ನೋಟೊಂದನ್ನು ತೆಗೆದು ಕೊಟ್ಟರು. ಪಿಗ್ಮಿಯವರು ಅದನ್ನು ಮೂಲೆಯಲ್ಲಿ ಹಿಡಿದು ಒಮ್ಮೆ ಕೊಡವಿದರು. ಐಸ್ ನೀರು ತೊಟ್ಟಿಕ್ಕಿತು. ಪೆಟ್ಟಿಗೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಇಷ್ಟೆಲ್ಲ ಮಾಡಿದ್ದೀರಲ್ಲ, ಅಕ್ಕ ದುಡ್ಡಿಡುವುದು ಎಲ್ಲಿ?” ಎಂದು ಕೇಳಿದರು. ಬಿ.ಕಾಂ. ಹುಡುಗ ಕ್ಯಾಮೆರಾದಿಂದ ಮುಖ ತಿರುಗಿಸಿ ಪೆನ್ನು ಹುಡುಕತೊಡಗಿದ.