ಬಿಲ್ಡ್ ಮಾಡಿದ ಇಮೇಜ್ ಕಣ್ಣೆದುರಿಗಿದ್ದರೂ ಕ್ಲಸ್ಟರ್‌ಗೆ ಏಕೆ ಸಿಗುವುದಿಲ್ಲ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಕೈಂಡ್ ಎಂಬ ಸಾಧನ ಬಳಸಿ ಮೂರು ನೋಡ್‌ಗಳ ಪುಟ್ಟ ಕುಬರ್ನೆಟಿಸ್ ಕ್ಲಸ್ಟರ್, ಅಂದರೆ ಅಪ್ಲಿಕೇಶನ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಯಂತ್ರಗಳ (ನೋಡ್‌ಗಳ) ಗುಂಪು, ಮಾಡಿಕೊಂಡಿದ್ದೇನೆ. ಅದೇ ಯಂತ್ರದಲ್ಲಿ ಡಾಕರ್‌ನಿಂದ ಅಪ್ಲಿಕೇಶನ್‌ನ ಇಮೇಜ್ (ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಲು ಬೇಕಾದ ಕಡತಗಳ ಕಟ್ಟು) ಬಿಲ್ಡ್ ಮಾಡಿದೆ. ಡಾಕರ್‌ನ ಪಟ್ಟಿಯಲ್ಲಿ ಅದು ಕಾಣುತ್ತದೆ. ಆದರೂ ಪಾಡ್ (ಕುಬರ್ನೆಟಿಸ್ ಓಡಿಸುವ ಕಂಟೇನರ್‌ಗಳ ಚಿಕ್ಕ ಘಟಕ) ಮಾತ್ರ ‘ಇಮೇಜ್‌ಪುಲ್‌ಬ್ಯಾಕ್‌ಆಫ್’, ಅಂದರೆ ಇಮೇಜ್ ತರಿಸಲಾಗದೆ ಕಾಯುವ ಸ್ಥಿತಿಯಿಂದ ಮುಂದಕ್ಕೆ ಹೋಗುತ್ತಿಲ್ಲ. ಹೀಗೇಕೆ?

ಉತ್ತರ: ಯಂತ್ರ ಒಂದೇ ಆದರೂ ಅದರೊಳಗಿನ ಇಮೇಜ್ ಉಗ್ರಾಣ ಒಂದೇ ಅಲ್ಲ. ಕೈಂಡ್ ಎಂಬುದು ‘ಕುಬರ್ನೆಟಿಸ್ ಇನ್ ಡಾಕರ್’ ಎಂಬುದರ ಸಂಕ್ಷೇಪ. ಕ್ಲಸ್ಟರ್‌ನ ಪ್ರತಿಯೊಂದು ನೋಡ್ ಕೂಡ ನಿಮ್ಮ ಡಾಕರ್‌ನ ಪಾಲಿಗೆ ಒಂದು ಕಂಟೇನರ್ ಅಷ್ಟೆ. ಆದರೆ ಆ ಕಂಟೇನರ್‌ನ ಒಳಗೆ ಸಿಸ್ಟಮ್‌ಡಿ (ಸೇವೆಗಳನ್ನು ಶುರುಮಾಡುವುದು), ಕ್ಯೂಬ್‌ಲೆಟ್ (ನೋಡ್‌ನಲ್ಲಿ ಕುಬರ್ನೆಟಿಸ್‌ನ ಪ್ರತಿನಿಧಿ) ಮತ್ತು ಕಂಟೇನರ್‌ಡಿ (ಕಂಟೇನರ್‌ಗಳನ್ನು ಓಡಿಸುವುದು) ತಮ್ಮದೇ ಸಂಸಾರ ಹೂಡಿರುತ್ತವೆ. ಪಾಡ್‌ಗಳನ್ನು ನಡೆಸುವುದು ಈ ಒಳಗಿನ ಕಂಟೇನರ್‌ಡಿ, ಮತ್ತು ಅದು ನೋಡುವುದು ತನ್ನ ಉಗ್ರಾಣವನ್ನು ಮಾತ್ರ. ನೀವು ಬಿಲ್ಡ್ ಮಾಡಿದ ಇಮೇಜ್ ಇರುವುದು ಹೊರಗಿನ ಡಾಕರ್‌ನ ಬಳಿ. ಮೂರು ನೋಡ್ ಇದ್ದರೆ ಒಳಗೆ ಮೂರು ಬೇರೆ ಬೇರೆ ಉಗ್ರಾಣಗಳಿವೆ ಎಂದೇ ತಿಳಿಯಬೇಕು.

ತನ್ನಲ್ಲಿ ಇಮೇಜ್ ಸಿಗದಿದ್ದಾಗ ಕ್ಯೂಬ್‌ಲೆಟ್ ಅದನ್ನು ರಿಜಿಸ್ಟ್ರಿಯಿಂದ, ಅಂದರೆ ಇಮೇಜ್‌ಗಳನ್ನು ಇಟ್ಟು ಹಂಚುವ ಸರ್ವರ್‌ನಿಂದ, ತರಿಸಲು ಹೊರಡುತ್ತದೆ. ಇಮೇಜ್‌ನ ಹೆಸರಿನಲ್ಲಿ ರಿಜಿಸ್ಟ್ರಿಯ ವಿಳಾಸವಿಲ್ಲದಿದ್ದರೆ ಅದು ಡಾಕರ್ ಹಬ್ ಎಂಬ ಸಾರ್ವಜನಿಕ ರಿಜಿಸ್ಟ್ರಿಯಲ್ಲಿದೆ ಎಂದು ಭಾವಿಸಲಾಗುತ್ತದೆ. ಅಲ್ಲಿ ಅಂಥದ್ದೊಂದು ಇಲ್ಲದಿರುವುದರಿಂದ, ಪ್ರವೇಶ ನಿರಾಕರಿಸಲಾಗಿದೆ, ಬಹುಶಃ ಲಾಗಿನ್ ಬೇಕಾಗಬಹುದು ಎಂಬ ಅರ್ಥದ ಸಂದೇಶ ಬರುತ್ತದೆ. ಈ ಸಂದೇಶವನ್ನು ನಂಬಿ ಪಾಸ್‌ವರ್ಡ್, ಸೀಕ್ರೆಟ್‌ಗಳ ಬೆನ್ನು ಹತ್ತಿ ಗಂಟೆಗಟ್ಟಲೆ ಕಳೆದವರು ಬಹಳ ಮಂದಿ, ನಾನೂ ಕಳೆದಿದ್ದೇನೆ. ದೋಷವಿರುವುದು ಲಾಗಿನ್‌ನಲ್ಲಲ್ಲ.

ನೇರವಾದ ಪರಿಹಾರವೆಂದರೆ ‘ಕೈಂಡ್ ಲೋಡ್ ಡಾಕರ್-ಇಮೇಜ್’ ಆದೇಶ. ಅದು ಹೊರಗಿನ ಇಮೇಜನ್ನು ಒಂದು ಕಡತವಾಗಿ ಉಳಿಸಿ ಪ್ರತಿ ನೋಡ್‌ನ ಕಂಟೇನರ್‌ಡಿಗೂ ತುಂಬಿಸುತ್ತದೆ. ಕೈಂಡ್‌ನಂಥದ್ದೇ ಬೇರೆ ಸಾಧನಗಳಲ್ಲೂ ಇದಿದೆ: ಕೆ3ಡಿಯಲ್ಲಿ ಇದೇ ಕೆಲಸಕ್ಕೆ ‘ಇಮೇಜ್ ಇಂಪೋರ್ಟ್’, ಮಿನಿಕ್ಯೂಬ್‌ನಲ್ಲಿ ‘ಇಮೇಜ್ ಲೋಡ್’ ಎಂಬ ಆದೇಶಗಳಿವೆ. ಕ್ಲಸ್ಟರನ್ನು ಅಳಿಸಿ ಮತ್ತೆ ಮಾಡಿದರೆ ತುಂಬಿದ್ದೆಲ್ಲ ನೋಡ್‌ಗಳೊಂದಿಗೇ ಹೋಗಿರುತ್ತದೆ, ಮತ್ತೊಮ್ಮೆ ತುಂಬಬೇಕು.

ಆದರೆ ತುಂಬಿದ ಮೇಲೂ ಅದೇ ದೋಷ ಬಂದರೆ ಟ್ಯಾಗ್, ಅಂದರೆ ಇಮೇಜ್‌ನ ಹೆಸರಿನ ಕೊನೆಯಲ್ಲಿ ಬರುವ ಆವೃತ್ತಿಯ ಗುರುತು, ನೋಡಿ. ಇಮೇಜ್ ಪುಲ್ ಪಾಲಿಸಿಯನ್ನು (ಇಮೇಜನ್ನು ಯಾವಾಗ ತರಿಸಬೇಕು ಎಂಬ ನಿಯಮವನ್ನು) ನೀವು ಬರೆಯದೇ ಬಿಟ್ಟಾಗ, ಟ್ಯಾಗ್ ‘ಲೇಟೆಸ್ಟ್’ ಆಗಿದ್ದರೆ ಅಥವಾ ಟ್ಯಾಗೇ ಇಲ್ಲದಿದ್ದರೆ, ಕುಬರ್ನೆಟಿಸ್ ಅದನ್ನು ‘ಆಲ್ವೇಸ್’ ಎಂದು ಇಟ್ಟುಕೊಳ್ಳುತ್ತದೆ. ಅಂದರೆ ಇಮೇಜ್ ನೋಡ್‌ನಲ್ಲೇ ಇದ್ದರೂ ಪ್ರತಿ ಬಾರಿ ರಿಜಿಸ್ಟ್ರಿಯನ್ನು ಕೇಳಿಯೇ ತೀರುತ್ತದೆ. ಬೇರೆ ಯಾವುದೇ ಟ್ಯಾಗ್ ಇದ್ದರೆ ‘ಇಫ್‌ನಾಟ್‌ಪ್ರೆಸೆಂಟ್’ ಎಂದಾಗಿ, ನೋಡ್‌ನಲ್ಲಿರುವುದನ್ನೇ ಬಳಸುತ್ತದೆ. ಈ ನಿರ್ಧಾರ ನಡೆಯುವುದು ಡಿಪ್ಲಾಯ್‌ಮೆಂಟ್ (ಯಾವ ಪಾಡ್‌ಗಳು ಓಡುತ್ತಿರಬೇಕು ಎಂದು ಕುಬರ್ನೆಟಿಸ್‌ಗೆ ಹೇಳುವ ವಿವರಣೆ) ಮೊದಲ ಬಾರಿ ಸೃಷ್ಟಿಯಾಗುವಾಗ ಮಾತ್ರ. ಆದ್ದರಿಂದ ಆಮೇಲೆ ಟ್ಯಾಗನ್ನಷ್ಟೇ ಬದಲಿಸಿದರೆ ಹಳೆಯ ‘ಆಲ್ವೇಸ್’ ಹಾಗೆಯೇ ಉಳಿದು ಕಾಡುತ್ತದೆ. ಪಾಲಿಸಿಯನ್ನು ಕೈಯಾರೆ ಬರೆಯುವುದು ಒಳ್ಳೆಯದು.

ಪ್ರತಿ ಬಿಲ್ಡ್‌ಗೂ ಹೊಸ ಟ್ಯಾಗ್ ಕೊಡಿ ಎಂಬುದು ನನ್ನ ಗಟ್ಟಿ ಸಲಹೆ. ಗಿಟ್ ಕಮಿಟ್‌ನ (ಉಳಿಸಿದ ಕೋಡ್ ಆವೃತ್ತಿಯ) ಗುರುತಿನ ಮೊದಲ ಕೆಲವು ಅಕ್ಷರಗಳಿದ್ದರೂ ಸಾಕು. ಹಳೆಯ ಟ್ಯಾಗ್‌ನಲ್ಲೇ ಹೊಸ ಇಮೇಜ್ ತುಂಬಿದರೆ ಡಿಪ್ಲಾಯ್‌ಮೆಂಟ್‌ನ ಬರಹದಲ್ಲಿ ಏನೂ ಬದಲಾಗಿರುವುದಿಲ್ಲ, ಹಾಗಾಗಿ ಓಡುತ್ತಿರುವ ಪಾಡ್‌ಗಳು ಹಳೆಯ ಕೋಡನ್ನೇ ಓಡಿಸುತ್ತಿರುತ್ತವೆ. ಪಾಡ್‌ಗಳನ್ನು ಹೊಸದಾಗಿ ಎಬ್ಬಿಸುವ ‘ರೋಲ್‌ಔಟ್ ರೀಸ್ಟಾರ್ಟ್’ ಆದೇಶ ಕೊಟ್ಟು ಇದನ್ನು ನಿವಾರಿಸಬಹುದು ನಿಜ, ಆದರೆ ಯಾವ ಪಾಡ್‌ನಲ್ಲಿ ಯಾವ ಕೋಡ್ ಇದೆ ಎಂಬ ಸಂದೇಹ ಉಳಿದೇ ಉಳಿಯುತ್ತದೆ, ಮತ್ತು ಪರೀಕ್ಷೆಗಾಗಿಯೇ ಇರುವ ಕ್ಲಸ್ಟರ್‌ನಲ್ಲಿ ಅಂಥ ಸಂದೇಹ ಇರಲೇಬಾರದು.

ಎಲ್ಲ ಸರಿಪಡಿಸಿದ ಮೇಲೂ ಪಾಡ್ ಕೂಡಲೇ ಏಳದಿರಬಹುದು. ಪ್ರತಿ ಸೋಲಿನ ನಂತರ ಕ್ಯೂಬ್‌ಲೆಟ್ ಮುಂದಿನ ಪ್ರಯತ್ನಕ್ಕೆ ಮೊದಲು ಕಾಯುವ ಅವಧಿಯನ್ನು ಹೆಚ್ಚಿಸುತ್ತಾ 300 ಸೆಕೆಂಡ್‌ಗಳವರೆಗೂ ಒಯ್ಯುತ್ತದೆ. ಪಾಡನ್ನು ಅಳಿಸಿದರೆ ಡಿಪ್ಲಾಯ್‌ಮೆಂಟ್ ಹೊಸದನ್ನು ಎಬ್ಬಿಸುತ್ತದೆ. ಇಮೇಜ್ ನಿಜಕ್ಕೂ ಒಳಗೆ ಬಂದಿದೆಯೇ ಎಂದು ನೋಡಲು ‘ಡಾಕರ್ ಎಕ್ಸೆಕ್’ ಮೂಲಕ ನೋಡ್‌ನ ಒಳಹೊಕ್ಕು, ಅಲ್ಲಿರುವ ಇಮೇಜ್‌ಗಳ ಪಟ್ಟಿ ಕೊಡುವ ‘ಸಿಆರ್‌ಐಸಿಟಿಎಲ್ ಇಮೇಜಸ್’ (crictl images) ಎಂದು ಕೇಳಿ.

ಇಮೇಜ್ ದೊಡ್ಡದಾಗಿದ್ದು ದಿನಕ್ಕೆ ಹತ್ತಾರು ಬಾರಿ ಬಿಲ್ಡ್ ಮಾಡುವವರಾದರೆ ಈ ತುಂಬುವ ಕೆಲಸ ನಿಧಾನವೆನಿಸುತ್ತದೆ, ಏಕೆಂದರೆ ಸಣ್ಣ ಬದಲಾವಣೆಗೂ ಇಡೀ ಇಮೇಜ್ ಮೂರೂ ನೋಡ್‌ಗಳಿಗೆ ನಕಲಾಗಬೇಕು. ಆಗ ಪಕ್ಕದಲ್ಲೊಂದು ರಿಜಿಸ್ಟ್ರಿ ಕಂಟೇನರ್ ನಡೆಸುವುದು ಮೇಲು. ಆಗ ಇಮೇಜ್‌ನಲ್ಲಿ ಬದಲಾದ ಪದರಗಳು ಮಾತ್ರ ಸಾಗುತ್ತವೆ. ಕೆ3ಡಿಯಲ್ಲಿ ಕ್ಲಸ್ಟರ್ ಮಾಡುವಾಗಲೇ ರಿಜಿಸ್ಟ್ರಿಯನ್ನೂ ಮಾಡಿಸಿಕೊಳ್ಳುವ ಆಯ್ಕೆ ಇದೆ. ಕೈಂಡ್‌ನಲ್ಲಿ ಮಾತ್ರ ಕಂಟೇನರ್‌ಡಿಗೆ ಅದರ ವಿಳಾಸವನ್ನು ನೀವೇ ತಿಳಿಸಬೇಕು. ‘ಲೋಕಲ್‌ಹೋಸ್ಟ್’ ಎಂದು ಬರೆದು ಸುಮ್ಮನಾದರೆ ಸಾಲದು. ನೋಡ್‌ನ ಒಳಗಿನಿಂದ ಲೋಕಲ್‌ಹೋಸ್ಟ್ ಎಂದರೆ ನಿಮ್ಮ ಲ್ಯಾಪ್‌ಟಾಪ್ ಅಲ್ಲ, ಆ ನೋಡ್ ಮಾತ್ರ.