ರಾತ್ರಿಯೂ ಹಲ್ಲುಸೆಟ್ ಹಾಕಿಕೊಂಡೇ ಮಲಗಿದರೆ ಬೇಗ ಒಗ್ಗುತ್ತದೆಯೇ?

ಪ್ರಶ್ನೆ: ಹಲ್ಲುಗಳನ್ನೆಲ್ಲ ಕೀಳಿಸಿ, ಗಾಯ ಮಾಗಿದ ಮೇಲೆ ಮೇಲೆ-ಕೆಳಗೆ ಪೂರ್ತಿ ಹಲ್ಲುಸೆಟ್ ಹಾಕಿಸಿಕೊಂಡು ಎರಡು ವಾರವಾಯಿತು. ಮಾತು ತೊದಲುತ್ತದೆ, ಅಗಿಯುವುದು ಕಷ್ಟ, ಬಾಯಲ್ಲಿ ಸದಾ ನೀರೂರುತ್ತದೆ. ರಾತ್ರಿಯೂ ತೆಗೆಯದಿದ್ದರೆ ಬೇಗ ಒಗ್ಗುತ್ತದೆ, ತೆಗೆದಿಟ್ಟರೆ ವಸಡಿನ ಆಕಾರ ಬದಲಾಗಿ ಬೆಳಿಗ್ಗೆ ಸೆಟ್ಟು ಕೂರುವುದಿಲ್ಲ ಎಂದು ಅನುಭವಸ್ಥರು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ಇದೇ ಪ್ರಶ್ನೆಗೆ ಇದೇ ಉತ್ತರವನ್ನು ಎಷ್ಟೋ ಬಾರಿ ಕೊಟ್ಟಾಗಿದೆ. ಆದರೂ ಅನುಭವಸ್ಥರ ಮಾತಿನ ಮುಂದೆ ಅದು ನಿಲ್ಲುತ್ತಿಲ್ಲವಾದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಉಳಿದ ತೊಂದರೆಗಳನ್ನು ಮುಗಿಸಿಬಿಡೋಣ, ಏಕೆಂದರೆ ಅವು ಹೆಚ್ಚಿನಂಶ ತಾವಾಗಿಯೇ ಹೋಗುವಂಥವು. ಬಾಯಿಗೆ ಬಂದ ಹೊಸ ವಸ್ತುವನ್ನು ಆಹಾರವೆಂದೇ ಭಾವಿಸಿ ಜೊಲ್ಲುಗ್ರಂಥಿಗಳು ಹೆಚ್ಚು ಸ್ರವಿಸುತ್ತವೆ; ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಅದು ಹತೋಟಿಗೆ ಬರುತ್ತದೆ. ಸಕಾರ, ಶಕಾರಗಳು ತೊದಲುವುದು ನಾಲಗೆಗೆ ತಾಗುವ ಜಾಗ ಬದಲಾಗಿರುವುದರಿಂದ. ದಿನವೂ ಸ್ವಲ್ಪ ಹೊತ್ತು ಗಟ್ಟಿಯಾಗಿ ಓದಿದರೆ ನಾಲಗೆ ತನ್ನ ಹೊಸ ದಾರಿಯನ್ನು ಕಂಡುಕೊಳ್ಳುತ್ತದೆ. ಊಟದಲ್ಲಿ ಮೆತ್ತಗಿನದನ್ನು ಚಿಕ್ಕ ಚಿಕ್ಕ ತುತ್ತು ಮಾಡಿ, ಎರಡೂ ಬದಿಗೆ ಹಂಚಿಕೊಂಡು ನಿಧಾನವಾಗಿ ಅಗಿಯಬೇಕು. ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯಬಾರದು, ಹಾಗೆ ಮಾಡಿದರೆ ಸೆಟ್ಟಿನ ಹಿಂಭಾಗ ಮೇಲೇಳುತ್ತದೆ. ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು: ಎಷ್ಟೇ ಚೆನ್ನಾಗಿ ಒಗ್ಗಿದರೂ ಪೂರ್ಣ ಹಲ್ಲುಸೆಟ್ಟಿನ ಕಚ್ಚುವ ಬಲ ಸ್ವಂತ ಹಲ್ಲಿನ ಬಲದ ಒಂದು ಸಣ್ಣ ಪಾಲು ಮಾತ್ರ.

ಇನ್ನು ರಾತ್ರಿಯ ವಿಷಯ. ಹೊಸ ಚಪ್ಪಲಿ ಮೆಟ್ಟಿ ನಡೆದಷ್ಟೂ ಒಗ್ಗುವಂತೆ ಸೆಟ್ಟೂ ಹಾಕಿಕೊಂಡಷ್ಟೂ ಒಗ್ಗುತ್ತದೆ ಎಂಬುದು ಈ ನಂಬಿಕೆಯ ಬುಡದಲ್ಲಿರುವ ತರ್ಕ. ಚಪ್ಪಲಿಯ ಚರ್ಮ ಹಿಗ್ಗುತ್ತದೆ, ಅಂಗಾಲಿನ ಚರ್ಮ ದಪ್ಪಗಾಗುತ್ತದೆ; ಸೆಟ್ಟು ಮಾಡುವ ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಿಗ್ಗುವುದಿಲ್ಲ, ವಸಡಿನ ತೆಳುವಾದ ಒಳಚರ್ಮ ಭಾರ ಹೊರಲೆಂದು ಹುಟ್ಟಿದ್ದೂ ಅಲ್ಲ. ಒಗ್ಗಿಕೊಳ್ಳಬೇಕಾದದ್ದು ನಾಲಗೆ, ಕೆನ್ನೆ ಮತ್ತು ದವಡೆಯ ಸ್ನಾಯುಗಳು, ಅವು ಕಲಿಯುವುದು ಮಾತಾಡುವಾಗ, ಅಗಿಯುವಾಗ, ನುಂಗುವಾಗ. ನಿದ್ದೆಯಲ್ಲಿರುವ ನಾಲಗೆ ಯಾವ ಪಾಠವನ್ನೂ ಕಲಿಯುವುದಿಲ್ಲ. ಅಲ್ಲದೆ, ಎಷ್ಟೇ ಬಿಗಿಯಾದ ಚಪ್ಪಲಿಯಾದರೂ ಯಾರೂ ಅದನ್ನು ಮೆಟ್ಟಿಕೊಂಡೇ ಮಲಗುವುದಿಲ್ಲವಲ್ಲ!

ತೆಗೆದಿಟ್ಟರೆ ಬೆಳಿಗ್ಗೆ ಕೂರುವುದಿಲ್ಲ ಎಂಬ ಮಾತಿಗೆ ಮಾತ್ರ ಒಂದು ಎಳೆಯಷ್ಟು ಆಧಾರವಿದೆ. ಹಲ್ಲು ಕಿತ್ತ ಕೂಡಲೇ, ಅದೇ ದಿನ ಹಾಕುವ ಸೆಟ್ಟುಗಳಿವೆ. ಅಂಥದ್ದನ್ನು ಮೊದಲ 24 ಗಂಟೆ ತೆಗೆಯಬೇಡಿ ಎಂದು ದಂತವೈದ್ಯರೇ ಹೇಳುತ್ತಾರೆ. ಅದು ಗಾಯದ ಮೇಲೆ ಪಟ್ಟಿಯಂತೆ ಕೆಲಸ ಮಾಡುತ್ತದೆ, ನಡುವೆ ತೆಗೆದರೆ ಬಾವಿನಿಂದಾಗಿ ಮತ್ತೆ ಹಾಕಲಾಗದು. ಕೆಲವರಿಗೆ ಮೊದಲ ಕೆಲವು ರಾತ್ರಿಯೂ ಹಾಕಿಕೊಂಡಿರಲು ಸೂಚಿಸುವುದುಂಟು. ಹೀಗೆ ಒಬ್ಬರಿಗೆ, ಒಂದು ಸಂದರ್ಭಕ್ಕೆ, ಕೆಲವೇ ದಿನಗಳ ಮಟ್ಟಿಗೆ ಕೊಟ್ಟ ಸಲಹೆ ಬಾಯಿಂದ ಬಾಯಿಗೆ ದಾಟುವಾಗ ಕಾರಣವನ್ನು ಕಳೆದುಕೊಂಡು, ಎಲ್ಲರಿಗೂ ಎಲ್ಲ ಕಾಲಕ್ಕೂ ಸಲ್ಲುವ ನಿಯಮವಾಗಿಬಿಟ್ಟಿದೆ. ಗಾಯ ಮಾಗಿದ ಮೇಲೆ ಹಾಕಿಸಿಕೊಂಡ ನಿಮಗೆ ಅದು ಅನ್ವಯಿಸುವುದೇ ಇಲ್ಲ. ಬೆಳಿಗ್ಗೆ ಸೆಟ್ಟು ತುಸು ಬಿಗಿ ಎನಿಸಿದರೆ, ಹಗಲೆಲ್ಲ ಅದುಮಿಸಿಕೊಂಡಿದ್ದ ವಸಡು ರಾತ್ರಿ ಚೇತರಿಸಿಕೊಂಡಿದೆ ಎಂದರ್ಥ. ಕೆಲವು ನಿಮಿಷಗಳಲ್ಲಿ ಅದು ಸರಿಯಾಗಿ ಕೂರುತ್ತದೆ.

ತೆಗೆಯದಿದ್ದರೆ ಏನಾಗುತ್ತದೆ ಎಂಬುದನ್ನು ಅನುಭವಸ್ಥರು ಹೇಳುವುದಿಲ್ಲ, ಏಕೆಂದರೆ ಅದು ಬಹುತೇಕ ನೋವಿಲ್ಲದೆ ಆಗುತ್ತದೆ. ನಿದ್ದೆಯಲ್ಲಿ ಜೊಲ್ಲು ತೀರ ಕಡಿಮೆಯಾಗಿ, ಬಾಯಿ ತನ್ನನ್ನು ತಾನು ತೊಳೆದುಕೊಳ್ಳುವುದು ನಿಂತಂತಾಗುತ್ತದೆ. ಸೆಟ್ಟು ಮತ್ತು ಅಂಗುಳಿನ ನಡುವಿನ ಬೆಚ್ಚಗಿನ ಇಕ್ಕಟ್ಟಿನಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಸೊಂಪಾಗಿ ಬೆಳೆದು, ಸೆಟ್ಟು ತಾಗುವಷ್ಟೂ ಜಾಗ ಕೆಂಪಗಾಗುತ್ತದೆ. ತಪಾಸಣೆಗೆಂದು ಬಾಯಿ ತೆರೆಸಿದಾಗಷ್ಟೇ ಅದು ಕಣ್ಣಿಗೆ ಬೀಳುವುದು ಸಾಮಾನ್ಯ. ಅಪಾಯ ಬಾಯಿಗಷ್ಟೇ ಸೀಮಿತವೂ ಅಲ್ಲ. ಜಪಾನಿನಲ್ಲಿ 85 ವರ್ಷ ದಾಟಿದ 524 ಹಿರಿಯರನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾದ ಅಪಾಯ ಸುಮಾರು ಎರಡು ಪಟ್ಟಿಗೂ ಹೆಚ್ಚೆಂದು ಕಂಡುಬಂತು. ಬಾಯಲ್ಲಿ ಬೆಳೆದ ಸೂಕ್ಷ್ಮಾಣುಗಳು ನಿದ್ದೆಯಲ್ಲಿ ಜೊಲ್ಲಿನೊಂದಿಗೆ ಶ್ವಾಸನಾಳಕ್ಕೆ ಇಳಿಯಬಲ್ಲವು ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಆದ್ದರಿಂದ ಮಲಗುವ ಮುನ್ನ ಸೆಟ್ಟನ್ನು ತೆಗೆದು, ಮೆತ್ತನೆಯ ಬ್ರಷ್ಷಿನಿಂದ ಸಾಧಾರಣ ಸಾಬೂನು ಅಥವಾ ಸೆಟ್ಟಿಗೆಂದೇ ಮಾರುವ ಕ್ಲೀನರ್ ಹಾಕಿ ಒಳಗೂ ಹೊರಗೂ ಉಜ್ಜಿ, ಚೆನ್ನಾಗಿ ತೊಳೆದು, ತಣ್ಣೀರಿನಲ್ಲಿ ಮುಳುಗಿಸಿಡಿ. ಟೂತ್‌ಪೇಸ್ಟ್ ಬೇಡ: ಅದರಲ್ಲಿರುವ ಉಜ್ಜುಪುಡಿ ಹಲ್ಲಿನ ಎನಾಮಲ್‌ಗಿಂತ ಬಹಳ ಮೃದುವಾದ ಅಕ್ರಿಲಿಕ್ಕನ್ನು ಗೀರುತ್ತದೆ, ಗೀರುಗಳಲ್ಲಿ ಕೊಳೆ ಮನೆ ಮಾಡುತ್ತದೆ. ಕುದಿಯುವ ನೀರು ಸೆಟ್ಟನ್ನು ಸೊಟ್ಟಗಾಗಿಸುತ್ತದೆ, ಒಣಗಲು ಬಿಟ್ಟರೂ ಅದರ ಆಕಾರ ಕೆಡಬಹುದು. ಕೈಜಾರಿ ಬಿದ್ದರೆ ಒಡೆಯುವುದರಿಂದ ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿಯೋ ಮಡಿಚಿದ ಟವೆಲೋ ಇರಲಿ. ವಸಡು, ಅಂಗುಳು, ನಾಲಗೆಗಳನ್ನೂ ಮೆತ್ತನೆಯ ಬ್ರಷ್ಷಿನಿಂದ ಸವರಿ ಶುಚಿ ಮಾಡಬೇಕು. ಹಲ್ಲೇ ಇಲ್ಲವಲ್ಲ ಎಂದು ಇದನ್ನು ಬಿಡುವವರೇ ಹೆಚ್ಚು. ಎಲ್ಲಾದರೂ ಒತ್ತಿ ಹುಣ್ಣಾದರೆ ಸ್ಯಾಂಡ್‌ಪೇಪರ್ ಹಿಡಿದು ಸೆಟ್ಟನ್ನು ನೀವೇ ಉಜ್ಜಬೇಡಿ. ವೈದ್ಯರಲ್ಲಿಗೆ ಹೋಗುವ ಮುನ್ನ ಸಹಿಸಲಾಗುವಂತಿದ್ದರೆ ಕೆಲವು ಗಂಟೆ ಅದನ್ನು ಹಾಕಿಕೊಂಡಿರಿ. ಒತ್ತಿದ ಗುರುತು ಇದ್ದರೆ ಎಲ್ಲಿ ಕೆತ್ತಬೇಕೆಂಬುದು ಅವರಿಗೆ ಸುಲಭವಾಗಿ ತಿಳಿಯುತ್ತದೆ. ಎರಡು ವಾರವಾದರೂ ಮಾಯದ ಹುಣ್ಣನ್ನು ಸೆಟ್ಟಿನದ್ದೇ ಎಂದುಕೊಂಡು ಸುಮ್ಮನಿರಬಾರದು, ತಪ್ಪದೆ ತೋರಿಸಬೇಕು.

ನೀವು ಕೇಳಿಲ್ಲ, ಆದರೆ ಕೇಳಬೇಕಿದ್ದ ಪ್ರಶ್ನೆ ಇನ್ನೊಂದಿದೆ: ಮೇಲಿನ ಸೆಟ್ಟು ಭದ್ರವಾಗಿ ಕೂತಿರುವಾಗ ಕೆಳಗಿನದೇಕೆ ಅಲುಗುತ್ತದೆ? ಮೇಲಿನದು ಇಡೀ ಅಂಗುಳನ್ನು ಆವರಿಸಿ, ನಡುವಿನ ಜೊಲ್ಲಿನ ತೆಳುಪದರ ಮತ್ತು ಅಂಚಿನಲ್ಲಿ ಗಾಳಿ ನುಗ್ಗದ ಬಿಗಿತದಿಂದ ಹಿಡಿದುಕೊಳ್ಳುತ್ತದೆ. ಕೆಳಗಿನದು ಕುದುರೆಲಾಳದ ಆಕಾರದ ಕಿರಿದಾದ ಪಟ್ಟಿ; ಅದರ ನಡುವೆ ನಾಲಗೆ ಒಂದು ಕ್ಷಣವೂ ಸುಮ್ಮನಿರದು. ಸಾಲದ್ದಕ್ಕೆ, ಹಲ್ಲು ಹೋದ ಮೇಲೆ ಸವೆಯತೊಡಗುವ ದವಡೆಯ ಮೂಳೆ ಮೊದಲ ವರ್ಷದಲ್ಲಿ ಅತಿ ವೇಗವಾಗಿ, ಆಮೇಲೆ ನಿಧಾನವಾಗಿ ಜೀವಮಾನವಿಡೀ ಕರಗುತ್ತ ಹೋಗುತ್ತದೆ, ಅದೂ ಕೆಳದವಡೆಯಲ್ಲಿ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು. ಹಗಲುರಾತ್ರಿಯ ಬಿಡುವಿಲ್ಲದ ಒತ್ತಡ ಈ ಸವೆತಕ್ಕೆ ಇಂಬು ಕೊಡುತ್ತದೆಯೇ ಹೊರತು ತಡೆಯುವುದಿಲ್ಲ. ಇಂದು ಸರಿಯಾಗಿ ಕೂತ ಸೆಟ್ಟು ಮುಂದೆ ಸಡಿಲವಾಗುವುದು ಇದರಿಂದಲೇ, ಮಾಡಿಕೊಟ್ಟವರ ತಪ್ಪಿನಿಂದಲ್ಲ. ಆಗ ಅಂಟಿನ ಟ್ಯೂಬನ್ನು ಹಿಂಡುತ್ತ ಕೂರುವ ಬದಲು ಸೆಟ್ಟಿನ ಒಳಮೈಗೆ ಹೊಸ ಪದರ ಹಾಕಿಸುವುದು, ಅಂದರೆ ರೀಲೈನ್ ಮಾಡಿಸುವುದು ಸರಿಯಾದ ದಾರಿ. ಸತುವಿರುವ ಅಂಟನ್ನು ವರ್ಷಗಟ್ಟಲೆ ಮಿತಿಮೀರಿ ಬಳಸಿದವರ ದೇಹದಲ್ಲಿ ತಾಮ್ರದ ಅಂಶ ಕುಸಿದು ಕೈಕಾಲು ಜೋಮು ಹಿಡಿದು, ನರಗಳಿಗೇ ಹಾನಿಯಾದ ಪ್ರಕರಣಗಳು ದಾಖಲಾಗಿವೆ. ಬಳಸಲೇಬೇಕೆಂದಿದ್ದರೆ ಸತುವಿಲ್ಲದ ಅಂಟನ್ನು ಆರಿಸಿ, ಎರಡು ಮೂರು ಕಡೆ ಚುಕ್ಕಿಯಷ್ಟು ಹಚ್ಚಿದರೆ ಸಾಕು. ತಿಂಗಳಿಂದ ತಿಂಗಳಿಗೆ ಹೆಚ್ಚು ಬೇಕಾಗುತ್ತಿದೆಯೆಂದಾದರೆ ರೀಲೈನ್‌ನ ಸಮಯ ಬಂದಿದೆ.