ನೀರು ಬೇಗ ಹೋಗಿದೆ, ಮಗು ಅಡ್ಡ ಇದೆ: ಮನೆಯಲ್ಲಿರಬಹುದೇ?

ಪ್ರಶ್ನೆ: 31ನೇ ವಾರಕ್ಕೇ ನೀರು ಹೋಗಿದೆ, ನೋವಿಲ್ಲ. ಸ್ಕ್ಯಾನಿಂಗ್‌ನಲ್ಲಿ ಮಗು ಅಡ್ಡ ಇದೆಯಂತೆ. ಇದರಿಂದ ಅಪಾಯ ಹೆಚ್ಚೇ? ಮನೆಯಲ್ಲೇ ಮಲಗಿ ವಿಶ್ರಾಂತಿ ತೆಗೆದುಕೊಂಡರೆ ಸಾಲದೇ?

ಸಾಲದು. ಸೋಂಕು, ದಿನ ತುಂಬದ ಹೆರಿಗೆ ಇವುಗಳ ಭಯ ಮಗು ಹೇಗೇ ಇದ್ದರೂ ಇದ್ದದ್ದೇ. ಅಡ್ಡ ಇದ್ದಾಗ ಅದರ ಮೇಲೆ ಹೊಕ್ಕುಳಬಳ್ಳಿ ಜಾರುವ ಅಪಾಯವೂ ಸೇರುತ್ತದೆ.

ತಲೆ ಕೆಳಗಿಳಿದು ಕೂತಿದ್ದರೆ ಗರ್ಭಕೋಶದ ಬಾಯಿಗೆ ಬಿರಡೆ ಹಾಕಿದಂತೆ. ಬಳ್ಳಿ ಇಳಿಯಲು ಜಾಗವಿರದು. ಅಡ್ಡ ಮಲಗಿದ ಮಗುವಿನ ಬೆನ್ನು ಮೇಲಿದ್ದು ಕೈಕಾಲು ಕೆಳಮುಖವಾಗಿದ್ದರೆ ಅಲ್ಲಿ ಪೂರ್ತಿ ಖಾಲಿ. ಕುಂಡೆ ಕೆಳಗಿದ್ದು ಕಾಲು ಮುಖದತ್ತ ಚಾಚಿದ್ದರೆ ಅಪಾಯ ಕಡಿಮೆ, ಪಾದವೇ ಮುಂದಿದ್ದರೆ ಹೆಚ್ಚು. ತಲೆ ಕೆಳಗಿದ್ದೂ ಇನ್ನೂ ಮೇಲೆ ತೇಲುತ್ತಿದ್ದರೆ ಪೂರ್ತಿ ನಿಶ್ಚಿಂತೆ ಬೇಡ. 28ನೇ ವಾರದಲ್ಲಿ ಸುಮಾರು 100ಕ್ಕೆ 20–25 ಮಕ್ಕಳು ಕುಂಡೆ ಕೆಳಗಾಗಿರುತ್ತಾರೆ, ದಿನ ತುಂಬುವ ಹೊತ್ತಿಗೆ 3–4 ಮಾತ್ರ. ಬೇಗ ನೀರು ಹೋದಾಗ ಭಂಗಿಯ ತಲೆನೋವು ಜಾಸ್ತಿಯಾಗುವುದು ಇದಕ್ಕೇ.

ಜಾರಿದ ಬಳ್ಳಿ ಮಗುವಿನ ಮೈಗೂ ತಾಯಿಯ ಸೊಂಟದ ಎಲುಬಿಗೂ ನಡುವೆ ಸಿಕ್ಕಿ ಒತ್ತಿದರೆ ಆಮ್ಲಜನಕ ನಿಮಿಷಗಳಲ್ಲಿ ತಗ್ಗುತ್ತದೆ. ಆದ್ದರಿಂದ ಸಿಸೇರಿಯನ್ನೂ ಎನ್‌ಐಸಿಯುವೂ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಎರಡೂ ಇರುವ ಆಸ್ಪತ್ರೆಯಲ್ಲೇ ಇರಿ. ಬಳ್ಳಿ ಕಂಡರೆ, ಅಥವಾ ಯೋನಿಯಲ್ಲಿ ಏನೋ ಇಳಿದಂತೆ ಅನಿಸಿದರೆ, ಮುಟ್ಟಬೇಡಿ, ಒಳಗೆ ತಳ್ಳಬೇಡಿ. ಮಂಡಿಯೂರಿ ಎದೆಯನ್ನು ಹಾಸಿಗೆಗೆ ತಾಗಿಸಿ ಸೊಂಟ ಎತ್ತಿ, ಸಿಬ್ಬಂದಿಯನ್ನು ಕೂಗಿ. ಆಸ್ಪತ್ರೆಯ ಹೊರಗಿದ್ದರೆ 108ಕ್ಕೆ ಫೋನ್ ಮಾಡಿಸಿ. ಓಡುವ ಆಂಬುಲೆನ್ಸ್‌ನಲ್ಲಿ ಮಾತ್ರ ಎಡಮಗ್ಗುಲಾಗಿ, ಸೊಂಟದ ಕೆಳಗೆ ದಿಂಬಿಟ್ಟು ಮಲಗಿ.

ಆಸ್ಪತ್ರೆಯಲ್ಲಿ ಮಗುವಿನ ಶ್ವಾಸಕೋಶಕ್ಕಾಗಿ ಡೆಕ್ಸಾಮೆಥಸೋನ್ 6 ಮಿ.ಗ್ರಾಂ. ಇಂಜೆಕ್ಷನ್ 12 ಗಂಟೆಗೊಮ್ಮೆ ನಾಲ್ಕು ಸಲ ಕೊಡುತ್ತಾರೆ, ಜೊತೆಗೆ ಆಂಟಿಬಯಾಟಿಕ್. ನೋವಿಲ್ಲದಾಗ ಪದೇಪದೇ ಬೆರಳು ಹಾಕಿ ಪರೀಕ್ಷಿಸುವುದು ಸರಿಯಲ್ಲ, ಸೋಂಕು ಒಳಗೆ ಹೋಗುತ್ತದೆ. ಹೊಟ್ಟೆ ನೀವಿ ಮಗುವನ್ನು ತಿರುಗಿಸುತ್ತೇವೆ ಎಂದು ಹಿರಿಯರು ಹೊರಟರೆ ಖಂಡಿತ ಬೇಡವೆನ್ನಿ. ನೀರು ಹೋದ ಮೇಲೆ ವೈದ್ಯರೂ ತಿರುಗಿಸಲು ಹೋಗುವುದಿಲ್ಲ. ತಾನಾಗಿ ತಿರುಗುವುದುಂಟು, ಹಾಗಾಗಿ ನೋವು ಶುರುವಾದಾಗ ಮತ್ತೆ ಸ್ಕ್ಯಾನ್ ಕೇಳಿ.

ಆಗಲೂ ಅಡ್ಡವೇ ಇದ್ದರೆ ಸಿಸೇರಿಯನ್. ನೀರಿಲ್ಲದ ಗರ್ಭಕೋಶ ಮಗುವನ್ನು ಬಿಗಿಯಾಗಿ ಹಿಡಿದಿರುತ್ತದೆ, 31 ವಾರಕ್ಕೆ ಅದರ ಕೆಳಭಾಗವೂ ಸರಿಯಾಗಿ ಹಿಗ್ಗಿರುವುದಿಲ್ಲ. ಕೆಲವೊಮ್ಮೆ ಗರ್ಭಕೋಶವನ್ನು ಉದ್ದಕ್ಕೆ ಕೊಯ್ಯಬೇಕಾಗುತ್ತದೆ. ಹಾಗೆ ಕೊಯ್ದರೆ ಮುಂದಿನ ಸಲ ನೋವು ಬರುವ ಮೊದಲೇ ಆಪರೇಷನ್ ಆಗಬೇಕು. ಚರ್ಮದ ಮೇಲಿನ ಗಾಯ ನೋಡಿ ಒಳಗಿನ ಕೊಯ್ತ ಗೊತ್ತಾಗದು. ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.